ಬಿರುಕನ್ನು ಓದಿದ ವಿಜ್ಞಾನಿ

ಬೆಂಗಳೂರಿನ ಪಶ್ಚಿಮ ಭಾಗದ ಕಾಮಾಕ್ಷಿಪಾಳ್ಯವು ಸಣ್ಣ ಕಾರ್ಖಾನೆಗಳ ಬೀಡು. ಅಲ್ಲಿಯ ಬಡಗಿಯೊಬ್ಬನನ್ನು ವಿಚಾರಿಸಿದರೆ, ಹಲಗೆಯನ್ನು ಎಳೆಯ ಗುಂಟ ಸೀಳುವುದು ಸುಲಭ, ಅಡ್ಡಲಾಗಿ ಮುರಿಯುವುದು ಕಷ್ಟ ಎಂದು ಹೇಳಿಯಾನು. ಕಾಂಡದ ಉದ್ದಕ್ಕೆ, ತಿರುಳಿನಿಂದ ತೊಗಟೆಯ ಕಡೆಗೆ, ಉಂಗುರಗಳ ಸುತ್ತಿನಲ್ಲಿ, ಹೀಗೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳಲ್ಲಿ ಮರದ ಬಲವು ಮೂರು ಬಗೆಯದು. ಇಂತಹವನ್ನು ಆರ್ಥೋಟ್ರಾಪಿಕ್ ವಸ್ತುಗಳೆಂದು ಕರೆಯುತ್ತಾರೆ. ಗಾಜಿಗೆ ಈ ಭೇದವಿಲ್ಲ. ಪೆಟ್ಟು ಬಿದ್ದಾಗ ವಸ್ತುವು ಹೇಗೆ ಒಡೆಯುತ್ತದೆ ಎಂಬ ಪ್ರಶ್ನೆಯು, ಬೆಳಕಿನ ಸಂಶೋಧನೆಯಿಂದ ಜಗತ್ಪ್ರಸಿದ್ಧರಾದ ಸರ್ ಸಿ. ವಿ. ರಾಮನ್ನರನ್ನೂ ಸೆಳೆದಿತ್ತೆಂಬುದು ಹಲವರಿಗೆ ತಿಳಿಯದು.

ರಾಮನ್ನರು 1888ನೆಯ ನವೆಂಬರ್ 7ರಂದು ತಿರುಚಿನಾಪಳ್ಳಿಯ ಬಳಿ ಜನಿಸಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ಅವರು, ಕಚೇರಿಯ ಬಿಡುವಿನಲ್ಲಿ ಅಲ್ಲಿಯ ವಿಜ್ಞಾನ ಪರಿಷತ್ತಿನ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ದೊಡ್ಡ ಸಂಬಳದ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. ಮರುವರ್ಷವೇ, ಮೆಲ್ಲಗೆ ಡಿಕ್ಕಿ ಹೊಡೆಯುವ ಗೋಲಗಳ ಛಾಯಾಚಿತ್ರಗಳನ್ನು ತೆಗೆದು ಅವುಗಳ ಪುಟಿತವನ್ನು ಅಳೆದರು. 1919ರಲ್ಲಿ ಅವರ ಗಮನ ಒಡೆಯುವಿಕೆಯತ್ತ ಹರಿಯಿತು. ದಪ್ಪ ಗಾಜಿನ ಮೇಲೆ ಉಕ್ಕಿನ ಗುಂಡು ಬಿದ್ದಾಗ, ತಾಗಿದ ಸ್ಥಳದ ಸುತ್ತ ವೃತ್ತಾಕಾರದ ಬಿರುಕೊಂದು ಮೂಡಿ, ಒಳಕ್ಕೆ ಶಂಕುವಿನಂತೆ ಅಗಲವಾಗುತ್ತ ಇಳಿಯುತ್ತದೆ. ಯಾವ ದಿಕ್ಕಿಗೂ ಪಕ್ಷಪಾತವಿಲ್ಲದ ಗಾಜಿಗೆ ವೃತ್ತವೇ ಸಹಜವಲ್ಲವೆ?

1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದರು. ಇಲ್ಲಿ ಅವರ ಮನಸ್ಸನ್ನು ಸೂರೆಗೊಂಡದ್ದು ವಜ್ರ. ಅಷ್ಟು ಕಠಿಣವಾದ ವಜ್ರವೂ ಅಷ್ಟಮುಖಿಯ ಮುಖಗಳಿಗೆ ಸಮಾಂತರವಾಗಿ ಹೊಡೆದರೆ ಸುಲಭವಾಗಿ ಸೀಳುತ್ತದೆ. ಇದರ ಮರ್ಮವನ್ನು ಅವರ ಸೋದರಳಿಯ ಎಸ್. ರಾಮಶೇಷನ್ 1946ರಲ್ಲಿ ಪರಿಶೀಲಿಸಿದರು.

ದೊಡ್ಡವರ ಸೋಲುಗಳನ್ನು ಪಾಠಗಳಲ್ಲಿ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. 1955ರಲ್ಲಿ ರಾಮನ್ನರು ಕೆ. ಎಸ್. ವಿಶ್ವನಾಥನ್ನರೊಡನೆ ಹರಳುಗಳ ಸ್ಥಿತಿಸ್ಥಾಪಕತ್ವಕ್ಕೆ ಹೊಸ ಸಿದ್ಧಾಂತವೊಂದನ್ನು ಕಟ್ಟಿದರು. ಹರಳಿನ ವರ್ತನೆಯನ್ನು ವಿವರಿಸಲು ರೂಢಿಯ ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ಸ್ಥಿರಾಂಕಗಳು ಬೇಕೆಂದು ಅವರ ವಾದ. ಅಳತೆಗಳು ಅದನ್ನು ಸಮರ್ಥಿಸಲಿಲ್ಲ. ಕಲ್ಕತ್ತೆಯಲ್ಲಿ ಒಂದು ಗುಂಡು, ಒಂದು ಗಾಜು ಇಟ್ಟುಕೊಂಡು ಸತ್ಯವನ್ನು ಕಂಡವರು, ಮುಪ್ಪಿನಲ್ಲಿ ಕಾಗದದ ಲೆಕ್ಕವನ್ನು ಹೆಚ್ಚಾಗಿ ನಂಬಿದರೋ ಏನೋ!

1970ನೆಯ ನವೆಂಬರ್ 21ರಂದು ರಾಮನ್ನರು ಬೆಂಗಳೂರಿನಲ್ಲಿ ನಿಧನರಾದರು. ಅಷ್ಟರಲ್ಲಿ ರಾಮಶೇಷನ್ನರು ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ವಸ್ತುವಿಜ್ಞಾನ ವಿಭಾಗವನ್ನು ನಡೆಸುತ್ತಿದ್ದರು. 2001ರಲ್ಲಿ ಬೆಂಗಳೂರಿನಿಂದ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಇಂಗಾಲದ ಎಳೆಗಳಿಂದಾದವು. ಮರದಂತೆಯೇ ಅವಕ್ಕೂ ದಿಕ್ಕಿನ ಭೇದವುಂಟು. ಹಾರುವ ಹಕ್ಕಿ ಬಡಿದರೆ ಇಂತಹ ಪದರಗಳು ಎಲ್ಲಿ ಹರಿಯುವುವೆಂದು ಇಂದು ಗಣಕಯಂತ್ರವು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಎಳೆಯ ಗುಂಟ ಎಳೆದಾಗ ಒಂದು ಮಿತಿ, ಒತ್ತಿದಾಗ ಇನ್ನೊಂದು, ಅಡ್ಡಲಾಗಿ ಎಳೆದಾಗ ಮತ್ತೊಂದು, ಜಾರಿಸಿದಾಗ ಬೇರೊಂದು. ಒಂದು ಮಿತಿ ಮೀರಿತೆಂದರೆ ಆ ದಿಕ್ಕಿನಲ್ಲಿ ಪದರವು ಸೋತಿತೆಂದೇ ಎಣಿಕೆ. ಲೆಕ್ಕ ಮುಗಿದ ಮೇಲೆ ಎಂಜಿನಿಯರುಗಳು ನಿಜವಾದ ತುಂಡೊಂದನ್ನು ಕಟ್ಟಿ ನಿಲ್ಲಿಸಿ, ಅದರ ಮೇಲೆ ನಿಜವಾಗಿಯೇ ಹೊಡೆದು, ಬಿರುಕನ್ನು ನೋಡುತ್ತಾರೆ.