ನೃಪತುಂಗನ ಗುರು ಜಿನಸೇನಾಚಾರ್ಯರು

ಸೇಡಂನಿಂದ ಕಲಬುರಗಿಗೆ ಹೋಗುವಾಗ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಯ ಕೋಟೆಯನ್ನು ನಾವೆಲ್ಲ ನೋಡಿದ್ದೇವೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ ಎಂದು ನಮ್ಮ ಶಾಲೆಯಲ್ಲಿ ಓದಿದ್ದೇವೆ. ಅಮೋಘವರ್ಷ ನೃಪತುಂಗನ ಹೆಸರು ಪರೀಕ್ಷೆಗೆ ಬರುತ್ತಿತ್ತು. ಆದರೆ ಆತನ ಗುರುವಿನ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ 1980ರ ‘ಕಾಸ್ಮಾಸ್’ ಪುಸ್ತಕದಲ್ಲಿ. ಹೆಮ್ಮೆಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಜಿನಸೇನಾಚಾರ್ಯರು 9ನೆಯ ಶತಮಾನದವರು. ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ವೀರಸೇನಾಚಾರ್ಯರ ಶಿಷ್ಯರಾದರು. ಗುರುಗಳು 20,000 ಶ್ಲೋಕದಷ್ಟು ಬರೆದು ಬಿಟ್ಟುಹೋದ ‘ಜಯಧವಲಾ’ ಟೀಕೆಗೆ ಇನ್ನೂ 40,000 ಶ್ಲೋಕದಷ್ಟು ಸೇರಿಸಿ ಕ್ರಿ.ಶ. 837ರಲ್ಲಿ ಮುಗಿಸಿದರು. ಕಾಳಿದಾಸನ ಮೇಘದೂತದ ಸಾಲುಗಳನ್ನೇ ಸೇರಿಸಿಕೊಂಡು ‘ಪಾರ್ಶ್ವಾಭ್ಯುದಯ’ ಕಾವ್ಯ ಕಟ್ಟಿದರು. ಕೊನೆಗೆ ‘ಮಹಾಪುರಾಣ’ಕ್ಕೆ ಕೈಹಾಕಿದರು. ಅದು ಮುಗಿಯುವ ಮೊದಲೇ ತೀರಿಕೊಂಡರು. ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಇವರ ಆದಿಪುರಾಣವನ್ನು ಆಧರಿಸಿಯೇ ಪಂಪ 941ರಲ್ಲಿ ಕನ್ನಡ ಆದಿಪುರಾಣ ಬರೆದ.

ಮಡಕೆ ಇದ್ದಲ್ಲಿ ಕುಂಬಾರ ಇರಬೇಕು, ಹಾಗೆಯೇ ಇಷ್ಟು ಅಚ್ಚುಕಟ್ಟಾದ ಜಗತ್ತಿಗೂ ಒಬ್ಬ ಕರ್ತೃ ಇರಬೇಕು ಎಂಬುದು ನ್ಯಾಯಶಾಸ್ತ್ರದವರ ಹಳೆಯ ವಾದ. ಜಿನಸೇನರು ಮಹಾಪುರಾಣದಲ್ಲಿ ಇದನ್ನು ಒರೆಗೆ ಹಚ್ಚಿದರು. ಕುಂಬಾರನಿಗೆ ಮೊದಲು ಮಣ್ಣು ಬೇಕು. ಜಗತ್ತಿನ ಮಣ್ಣನ್ನು ಯಾರು ಮಾಡಿದರು? ಅದು ತಾನಾಗಿಯೇ ಇತ್ತೆಂದರೆ ಜಗತ್ತೂ ತಾನಾಗಿಯೇ ಇರಬಾರದೇಕೆ? ಏನೂ ಕೊರತೆಯಿಲ್ಲದವನಿಗೆ ಸೃಷ್ಟಿಸುವ ಆಸೆ ಯಾಕೆ ಬಂತು? ಕರುಣೆಯಿಂದ ಮಾಡಿದ್ದರೆ ಇಷ್ಟೊಂದು ನೋವು ಯಾಕಿದೆ? ವಿಧಿ, ಸ್ರಷ್ಟಾ, ಈಶ್ವರ ಎಂಬುವೆಲ್ಲ ಕರ್ಮದ ಬೇರೆ ಬೇರೆ ಹೆಸರುಗಳು ಎಂಬುದು ಅವರ ತೀರ್ಮಾನ.

ಈ ಪ್ರಶ್ನೆಗಳು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ನನ್ನ ಮುತ್ಯಾ ಶಹಾಬಾದ್ ಕಡೆಯ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಉಳಿ ಇಟ್ಟು ಹೊಡೆದರೆ ಆ ಕಲ್ಲು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ದೇವರು ಅಳತೆ ಮಾಡಿ ಜೋಡಿಸಿಟ್ಟಿದ್ದಾನೆ ಎನ್ನುತ್ತಿದ್ದಳು ಆಯಿ. ಹಳೆಯ ಕಡಲ ತಳದಲ್ಲಿ ಕೆಸರು ಕೂತು ಕೂತು ಆ ಪದರಗಳಾದ ಬಗೆಯನ್ನು ನಮ್ಮ ವಿಜ್ಞಾನದ ಸರ್ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಜೋಡಿಸಿದಂತೆ ಕಾಣುವುದೆಲ್ಲ ಯಾರೋ ಜೋಡಿಸಿದ್ದೇ ಆಗಬೇಕಿಲ್ಲ ಎಂದು ನನಗೆ ಮೊದಲು ಹೊಳೆದದ್ದು ಅಂದು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಮುತ್ಯಾ ಕೆಮ್ಮಿ ಕೆಮ್ಮಿ ತೀರಿಕೊಂಡರು. ಹಣೆಬರಹ ಎಂದು ಮನೆಯವರು ಸಮಾಧಾನ ಮಾಡಿಕೊಂಡರು. ಜಿನಸೇನರನ್ನು ಓದಿದಾಗ ಆ ಕೆಮ್ಮು ಮತ್ತೆ ಕೇಳಿಸಿತು. ಆದರೆ ಅದನ್ನು ಹಿಂದಿನ ಜನ್ಮದ ಕರ್ಮ ಎನ್ನಲು ನನ್ನಿಂದ ಆಗಲಿಲ್ಲ. ಅದು ಕಲ್ಲಿನ ಧೂಳು. ಆಚಾರ್ಯರ ಉತ್ತರವನ್ನು ಪೂರ್ತಿ ಒಪ್ಪದಿದ್ದರೂ, ಕಾರಣ ಕೇಳದೆ ಬಿಡಬಾರದೆಂಬ ಅವರ ಹಟವನ್ನು ನಾನು ಬಿಟ್ಟಿಲ್ಲ. ಆಯಿ ಈಗಲೂ ದಿನಾ ದೇವರಿಗೆ ದೀಪ ಹಚ್ಚುತ್ತಾಳೆ. ಊರಿಗೆ ಹೋದಾಗ ಎಣ್ಣೆ ತಂದುಕೊಡುವವನು ನಾನೇ.

ಮಳಖೇಡದಲ್ಲಿ ಇಂದು ನೇಮಿನಾಥ ಬಸದಿಯೂ ಇದೆ, ಉತ್ತರಾದಿ ಮಠವೂ ಇದೆ. ಸೃಷ್ಟಿಕರ್ತ ಇಲ್ಲವೆಂದವರಿಗೂ ಇದ್ದಾನೆಂದವರಿಗೂ ಆ ಊರು ಜಾಗ ಕೊಟ್ಟಿದೆ. ನಮ್ಮ ಶಾಲೆಯ ಮಕ್ಕಳು ಮುಂದಿನ ಸಲ ಕೋಟೆ ನೋಡಲು ಹೋದಾಗ ಅರಸನ ಜೊತೆಗೆ ಈ ಗುರುವನ್ನೂ ನೆನೆಯಲಿ, ಮರಳಿ ಬಂದು ತಮ್ಮ ಶಿಕ್ಷಕರಿಗೆ ಒಂದಾದರೂ ಪ್ರಶ್ನೆ ಕೇಳಲಿ.