ಅಲೆಕ್ಸಾಂಡರ್ ಮಕಾನಕಿ
1787ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಅಲೆಕ್ಸಾಂಡರ್ ಮಕಾನಕಿಯವರು ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ನೆಪೋಲಿಯನ್ನನ ಯುದ್ಧಕಾಲದಲ್ಲಿ ಫ್ರೆಂಚರ ಸೆರೆಯಲ್ಲಿದ್ದ ಅವರು ಬಂಧನದ ಬೇಗುದಿಯನ್ನು ಸ್ವಾನುಭವದಿಂದಲೇ ಬಲ್ಲವರಾಗಿದ್ದರು. 1840ರಲ್ಲಿ ಆಸ್ಟ್ರೇಲಿಯದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ಕೈದಿಗಳ ಹೊಣೆ ಅವರದಾಯಿತು. ಶಿಕ್ಷೆಯನ್ನು ವರ್ಷಗಳಿಂದಲ್ಲ, ದುಡಿಮೆ ಮತ್ತು ನಡತೆಯಿಂದ ಗಳಿಸಿದ ಅಂಕಗಳಿಂದ ಅಳೆಯಬೇಕು, ನಿಗದಿತ ಅಂಕ ಗಳಿಸಿದವನಿಗೆ ಬಿಡುಗಡೆ ದೊರೆಯಬೇಕು ಎಂಬುದು ಅವರ ನಿಲುವು. ಆ ವರ್ಷ ರಾಣಿ ವಿಕ್ಟೋರಿಯಾಳ ಜನ್ಮದಿನೋತ್ಸವಕ್ಕೆ ಕೈದಿಗಳನ್ನು ದ್ವೀಪದಲ್ಲಿ ಸ್ವತಂತ್ರವಾಗಿ ಅಡ್ಡಾಡಲು ಬಿಟ್ಟಾಗ ಅನಾಹುತವೇನೂ ಸಂಭವಿಸಲಿಲ್ಲ. ಮೇಲಧಿಕಾರಿಗಳು ಮಾತ್ರ ಕುಪಿತರಾದರು. 1844ರಲ್ಲಿ ಆ ಅಧಿಕಾರ ಕೈಬಿಟ್ಟಿತು. 1860ರಲ್ಲಿ ಅವರು ನಿಧನರಾದರು. 1877ರಲ್ಲಿ ನ್ಯೂಯಾರ್ಕ್ ರಾಜ್ಯವು ಎಲ್ಮೈರಾ ಸುಧಾರಣಾಗೃಹಕ್ಕಾಗಿ ಅನಿರ್ದಿಷ್ಟಾವಧಿ ಶಿಕ್ಷೆಯ ಕಾನೂನು ತಂದಾಗ ಅದರ ಹಿನ್ನೆಲೆಯಲ್ಲಿ ಅವರ ಅಂಕಪದ್ಧತಿಯೇ ಇತ್ತು. ಆದರೆ ಅಲ್ಲಿ ಬಿಡುಗಡೆಯ ತೀರ್ಮಾನ ವ್ಯವಸ್ಥಾಪಕರ ವಿವೇಚನೆಗೆ ಸೇರಿತು. ಬಿಡುಗಡೆಯ ಕೀಲಿಕೈ ಕೈದಿಯ ಕೈಯಲ್ಲೇ ಇರಬೇಕೆಂದು ಹಂಬಲಿಸಿದ ಮಕಾನಕಿಯವರ ಆಶಯದ ಅರ್ಧಭಾಗವಷ್ಟೇ ಹೀಗೆ ಕಾನೂನಾಯಿತೆಂಬುದನ್ನು ಮರೆಯಲಾಗದು.