ಜೀವದ ಅಕ್ಷರ ಓದಿದ ಹಳ್ಳಿ ಹುಡುಗ

ಮಕ್ಕಳೇ, ರೋಣ, ನರಗುಂದ, ಗಜೇಂದ್ರಗಡ ಭಾಗದ ಹೊಲಗಳಲ್ಲಿ ಕಡಲೆ ಬೆಳೆಯುವುದನ್ನು ನೀವು ನೋಡಿದ್ದೀರಿ. ಕಡಲೆಯಲ್ಲಿ ಪ್ರೋಟೀನು ಹೆಚ್ಚು ಎಂದು ಪಾಠದಲ್ಲಿ ಓದಿದ್ದೀರಿ. ಆದರೆ ಜೀವಕೋಶವು ಪ್ರೋಟೀನನ್ನು ಹೇಗೆ ತಯಾರಿಸುತ್ತದೆ? ಈ ಗುಟ್ಟನ್ನು ಬಿಡಿಸಿದವರಲ್ಲಿ ಒಬ್ಬರು ಹರಗೋಬಿಂದ ಖೊರಾನಾ.

ಖೊರಾನಾ 1922ರಲ್ಲಿ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅದು ಈಗ ಪಾಕಿಸ್ತಾನದಲ್ಲಿದೆ. ಊರಿನಲ್ಲಿ ಇದ್ದವರು ಸುಮಾರು 100 ಜನ. ಅವರಲ್ಲಿ ಓದು ಬಲ್ಲವರೆಂದರೆ ಹೆಚ್ಚುಕಡಿಮೆ ಇವರ ಮನೆಯವರು ಮಾತ್ರ. ತಂದೆ ಕಂದಾಯದ ಲೆಕ್ಕ ಬರೆಯುವ ಪಟವಾರಿ. ಬಡತನವಿದ್ದರೂ ಐದೂ ಮಕ್ಕಳನ್ನು ಓದಿಸಿದರು. ಕೊನೆಯ ಮಗ ಹರಗೋಬಿಂದನ ಮೊದಲ ಶಾಲೆ ನಡೆದದ್ದು ಮರದ ನೆರಳಿನಲ್ಲಿ!

ಮುಂದೆ ಮುಲ್ತಾನ್ ಮತ್ತು ಲಾಹೋರಿನಲ್ಲಿ ಕಲಿತು, 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋದರು. 1948ರಲ್ಲಿ ಪಿಎಚ್.ಡಿ. ಪಡೆದರು. 1949ರಲ್ಲಿ ಭಾರತಕ್ಕೆ ಮರಳಿದಾಗ ದೇಶವಿಭಜನೆಯಿಂದ ಹುಟ್ಟೂರು ಬೇರೆ ದೇಶಕ್ಕೆ ಸೇರಿತ್ತು. ಇಲ್ಲಿ ತಕ್ಕ ಕೆಲಸವೂ ಸಿಗಲಿಲ್ಲ. ಮತ್ತೆ ಹೊರಟರು. ಇಂಗ್ಲೆಂಡ್, ಕೆನಡಾ, ಕೊನೆಗೆ ಅಮೆರಿಕ. ಹೋದಲ್ಲೆಲ್ಲ ಸಂಶೋಧನೆ ಬಿಡಲಿಲ್ಲ.

ಈಗ ಅವರ ಸಂಶೋಧನೆ ನೋಡೋಣ. ಪ್ರೋಟೀನು ಒಂದು ಮಣಿಸರವಿದ್ದಂತೆ. ಅದರ ಮಣಿಗಳೇ ಅಮೈನೊ ಆಮ್ಲಗಳು. ಒಟ್ಟು 20 ಬಗೆ. ಯಾವ ಮಣಿಯ ನಂತರ ಯಾವುದು ಎಂಬ ಸೂಚನೆ ಜೀನಿನಲ್ಲಿರುತ್ತದೆ. ಜೀನಿನ ನಕಲೇ ಆರ್‌ಎನ್‌ಎ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಆರ್‌ಎನ್‌ಎ ಭಾಷೆಯಲ್ಲಿ ನಾಲ್ಕೇ: ಎ, ಯು, ಜಿ, ಸಿ.

ಮಣಿಗಳನ್ನು ಹೊತ್ತು ತರಲು ಕೋಶದಲ್ಲಿ ಪುಟ್ಟ ವಾಹಕಗಳಿವೆ. ಸರಿಯಾದ ವಾಹಕಕ್ಕೆ ಸರಿಯಾದ ಮಣಿಯನ್ನು ಜೋಡಿಸುವುದು ಕಿಣ್ವಗಳ ಕೆಲಸ. ಒಂದೊಂದು ಬಗೆಯ ಮಣಿಗೂ ಅದರದೇ ಕಿಣ್ವ ಬೇಕು. ಕಿಣ್ವ ತಪ್ಪಿದರೆ ಸರವೇ ತಪ್ಪು! ಈ ಕಿಣ್ವಗಳೂ ಪ್ರೋಟೀನುಗಳೇ. ಅವುಗಳನ್ನು ತಯಾರಿಸುವ ಸೂಚನೆಯೂ ಜೀನುಗಳಲ್ಲಿಯೇ ಇದೆ.

ಖೊರಾನಾ ಒಂದು ಉಪಾಯ ಮಾಡಿದರು. ಯುಸಿಯುಸಿಯುಸಿ ಎಂದು ಎರಡೇ ಅಕ್ಷರ ಮರಳಿ ಮರಳಿ ಬರುವ ಆರ್‌ಎನ್‌ಎಯನ್ನು ತಾವೇ ತಯಾರಿಸಿದರು. ಅದನ್ನು ಬ್ಯಾಕ್ಟೀರಿಯದ ಕೋಶರಸದಲ್ಲಿ ಬೆರೆಸಿದರು. ಆ ರಸದಲ್ಲಿ ವಾಹಕಗಳೂ ಕಿಣ್ವಗಳೂ ಇದ್ದವು. ತಯಾರಾದ ಸರದಲ್ಲಿ ಸೀರೀನ್, ಲ್ಯೂಸೀನ್ ಎಂಬ ಎರಡು ಮಣಿಗಳು ಒಂದಾದ ಮೇಲೆ ಒಂದರಂತೆ ಬಂದವು. ಏಕೆ? ಮೂರು ಮೂರು ಅಕ್ಷರ ಸೇರಿಸಿ ಓದಿರಿ: ಯುಸಿಯು, ಸಿಯುಸಿ, ಯುಸಿಯು, ಸಿಯುಸಿ. ಎರಡು ಪದ, ಎರಡು ಮಣಿ! ಜೀವದ ಭಾಷೆಯಲ್ಲಿ ಪ್ರತಿ ಪದಕ್ಕೂ ಮೂರು ಅಕ್ಷರ ಎಂಬುದು ಹೀಗೆ ಖಚಿತವಾಯಿತು.

ಇದಕ್ಕಾಗಿ 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ಖೊರಾನಾ ನೊಬೆಲ್ ಪ್ರಶಸ್ತಿ ಪಡೆದರು. ಭಾರತ ಸರ್ಕಾರ ಪದ್ಮವಿಭೂಷಣ ನೀಡಿತು.

ಓದಲು ಬಂದರೆ ಸಾಕೇ? ಬರೆಯಲೂ ಬರಬೇಕಲ್ಲವೇ? ಅವರ ತಂಡ ಪ್ರಯೋಗಾಲಯದಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಜೀನನ್ನೇ ಕಟ್ಟತೊಡಗಿತು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯದ ಒಂದು ವಾಹಕದ ಜೀನನ್ನು ಕಟ್ಟಲು ವರ್ಷಗಳೇ ಹಿಡಿದವು. 1976ರಲ್ಲಿ ಆ ಜೀನು ಜೀವಂತ ಬ್ಯಾಕ್ಟೀರಿಯದೊಳಗೆ ಕೆಲಸ ಮಾಡಿತು. ಎರಡು ವರ್ಷಗಳ ನಂತರ ಬೇರೆ ವಿಜ್ಞಾನಿಗಳು ಹೀಗೆಯೇ ಕಟ್ಟಿದ ಜೀನುಗಳನ್ನು ಬ್ಯಾಕ್ಟೀರಿಯಕ್ಕೆ ಸೇರಿಸಿ ಮಾನವ ಇನ್ಸುಲಿನ್ ತಯಾರಿಸಿದರು. ನಿಮ್ಮ ಊರಿನಲ್ಲಿ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಇಂದು ಸೂಕ್ಷ್ಮಜೀವಿಗಳಿಂದಲೇ ಬರುತ್ತದೆ.

ಖೊರಾನಾ 2011ರ ನವೆಂಬರ್ 9ರಂದು ಅಮೆರಿಕದಲ್ಲಿ ತೀರಿಕೊಂಡರು. ಮರದ ಕೆಳಗೆ ಅಕ್ಷರ ಕಲಿತ ಹುಡುಗ ಜೀವದ ಅಕ್ಷರವನ್ನೇ ಓದಿ ಬರೆದ. ನಿಮ್ಮ ಶಾಲೆಗೆ ಗೋಡೆ, ಹಲಗೆ, ಪುಸ್ತಕ ಎಲ್ಲವೂ ಇವೆ. ಇನ್ನು ಬೇಕಾದದ್ದು ನಿಮ್ಮ ಪ್ರಶ್ನೆಗಳು.

ನೀವೇ ಮಾಡಿ ನೋಡಿ: ಎ, ಯು, ಜಿ, ಸಿ ಬಳಸಿ ಎರಡು ಅಕ್ಷರದ ಪದಗಳನ್ನೆಲ್ಲ ಬರೆಯಿರಿ. ಎಷ್ಟಾದವು? 20 ಅಮೈನೊ ಆಮ್ಲಗಳಿಗೆ ಅವು ಸಾಕೇ? ಮೂರು ಅಕ್ಷರದ ಪದಗಳು ಎಷ್ಟಾಗುತ್ತವೆ? ಉತ್ತರವನ್ನು ತರಗತಿಯಲ್ಲಿ ಚರ್ಚಿಸಿರಿ.